ಹುಳುಮನೆಯ ಚಿಲಕ

ಭಯದ ಸಿನಿಮಾಕ್ಕೆ ದೆವ್ವ ಬೇಕಿಲ್ಲ, ಮುಚ್ಚಿದ ಬಾಗಿಲೊಂದು ಸಾಕು ಎಂದು ಬೆಂಗಳೂರಿನ ಮೇಷ್ಟ್ರು ಹೇಳಿದ್ದೇ ತಡ, ಕದಿರೇಶನಿಗೆ ತನ್ನೂರು ಕ್ಯಾಲನೂರಿನ ತಮ್ಮ ರೇಷ್ಮೆ ಹುಳುಮನೆ ನೆನಪಾಯಿತು. 1985ನೇ ಇಸವಿ. ಅವನು ಸಿನಿಮಾ ಛಾಯಾಗ್ರಹಣದ ಕೊನೆಯ ವರ್ಷದಲ್ಲಿದ್ದ. ಪರೀಕ್ಷೆಗೆ ಒಂದು ಪುಟ್ಟ ಚಿತ್ರ ತೆಗೆಯಬೇಕು. ಚಿತ್ರ ಬಿದ್ದರೆ ವರ್ಷವೂ ಬಿತ್ತು. ಆ ತಿಂಗಳು ಮೇಷ್ಟ್ರು ಮನಸ್ಸನ್ನೇ ಕೆದಕುವ ಥ್ರಿಲ್ಲರುಗಳನ್ನು ಹುಡುಗರಿಗೆ ಸಾಲಾಗಿ ತೋರಿಸಿದ್ದರು. ನಾಲ್ಕು ಚಿತ್ರ ನೋಡಿದ್ದಕ್ಕೇ ಇವನು ಮನುಷ್ಯರ ಮನಸ್ಸನ್ನೆಲ್ಲ ಅರೆದು ಕುಡಿದವನಂತೆ ಆಡುತ್ತಿದ್ದ.

ಕಥೆ ಸರಳ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿರುವ ಹೆಂಗಸನ್ನು ಒಳಗೆ ಬಿಟ್ಟು ಯಾರೋ ಹೊರಗಿನಿಂದ ಚಿಲಕ ಹಾಕುತ್ತಾರೆ. ಯಾರು, ಯಾಕೆ, ಗೊತ್ತಿಲ್ಲ. ಊಜಿ ನೊಣ ನುಗ್ಗಿ ಹುಳು ಕೆಡಿಸಬಾರದೆಂದು ಆ ಬಾಗಿಲಿಗೆ ಹೇಗೂ ಹೊರಗೊಂದು ಚಿಲಕವಿತ್ತು, ಕಿಟಕಿಗೆ ನೈಲಾನ್ ಪರದೆಯಿತ್ತು. ಪರದೆಯ ಈಚೆ ಕ್ಯಾಮೆರಾ ಇಟ್ಟರಾಯಿತು. ಹೆಂಗಸಿನ ಪಾತ್ರಕ್ಕೆ ಅಕ್ಕ ಭಾರತಮ್ಮ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ.

ಅಕ್ಕನಿಗೆ ನಟನೆ ಬರಲಿಲ್ಲ. ಹೆದರು ಎಂದರೆ ಕಣ್ಣರಳಿಸಿ, ಕಿಟಕಿಯ ಕಡೆ ತಿರುಗಿ, "ಇಷ್ಟು ಸಾಕೇನೋ?" ಎಂದು ನಗುತ್ತಿದ್ದಳು. ಹೀಗೇ ಎರಡು ರೀಲು ಹಾಳಾದವು. ಉಳಿದದ್ದು ಒಂದು, ಎರಡೂಮುಕ್ಕಾಲು ನಿಮಿಷದ್ದು. ಸಂಜೆಯ ಬಸ್ಸಿಗೆ ಕ್ಯಾಮೆರಾ ವಾಪಸ್ ಹೋಗಬೇಕಿತ್ತು.

ಕದಿರೇಶನಿಗೆ ಒಂದು ವಿಷಯ ಗೊತ್ತಿತ್ತು. ವೇಮಗಲ್ಲಿನ ಗಂಡನ ಮನೆಯಲ್ಲಿ ಅತ್ತೆ ಭಾರತಮ್ಮನನ್ನು ರಾಗಿ ಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದಳು. ಮೂಟೆ ರಾಗಿ ಕೇರಿ ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಅಪ್ಪ ಗಂಗುಲಪ್ಪ ಗಾಡಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆತಂದಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಶೂಟಿಂಗ್ ಮುಗೀತು ಅಕ್ಕ. ಹುಳ ಹಸ್ಕೊಂಡಿವೆ, ಸೊಪ್ಪು ಹಾಕ್ಬಿಡು," ಎಂದ.

ಅವಳು ಬುಟ್ಟಿ ಹೊತ್ತು ಒಳಗೆ ಹೋದಳು. ಇವನು ಚಿಲಕ ಜಡಿದು ಕಿಟಕಿಗೆ ಓಡಿ ಕ್ಯಾಮೆರಾ ಚಾಲೂ ಮಾಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಭಾರತಮ್ಮ ಬಾಗಿಲ ಬಳಿ ಬಂದು ಒಮ್ಮೆ ಕೈಯಿಟ್ಟು ನೋಡಿದಳು. ಕೂಗಲಿಲ್ಲ, ಬಡಿಯಲಿಲ್ಲ. ತಿರುಗಿ ಹೋಗಿ ಹುಳುವಿನ ತಟ್ಟೆಗಳಿಗೆ ಒಂದಾದ ಮೇಲೊಂದರಂತೆ ಸೊಪ್ಪು ಹಾಕತೊಡಗಿದಳು, ಎಂದಿಗಿಂತ ಬೇಗ ಬೇಗ. ಬುಟ್ಟಿ ಖಾಲಿಯಾದ ಮೇಲೂ ಕೈ ನಿಲ್ಲಲಿಲ್ಲ. ಆಮೇಲೆ ಬಾಗಿಲಿಗೆ ಮುಖಮಾಡಿ, ವೇಮಗಲ್ಲಿನ ಆ ಮನೆಯ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು: "ಅತ್ತಮ್ಮಾ, ರಾಗುಲು ಚೆರಿಗೇಸ್ತಿನಿ. ತಲುಪು ತೀಯಂಡಿ."

ರಾಗಿ ಕೇರಿ ಆಯಿತು, ಬಾಗಿಲು ತೆಗೆಯಿರಿ. ಅಲ್ಲಿ ರಾಗಿಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ರೀಲು ಇನ್ನೂ ಅರ್ಧ ನಿಮಿಷ ಇತ್ತು. ಅದು ಮುಗಿಯುವ ತನಕ ಕದಿರೇಶ ನಿಂತಲ್ಲೇ ನಿಂತ. ಆಮೇಲೆ ಹೋಗಿ ಚಿಲಕ ತೆಗೆದ.

"ಬಸ್ಸಿಗೆ ಹೊತ್ತಾಯ್ತು. ಮುದ್ದೆ ಉಂಡ್ಕೊಂಡು ಹೋಗು," ಎಂದು ಭಾರತಮ್ಮ ಬುಟ್ಟಿ ಹಿಡಿದು ಹೊರಗೆ ಬಂದಳು.

ಆ ಕ್ಯಾಮೆರಾಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಬೆಂಗಳೂರಿನಲ್ಲಿ ರೀಲು ಓಡಿಸಿದ ಮೇಷ್ಟ್ರು ಮುಖ ಸಿಂಡರಿಸಿದರು. "ಭಯ ಎಲ್ರೀ ಇದೆ? ಯಾರೋ ಹುಳಕ್ಕೆ ಸೊಪ್ಪು ಹಾಕ್ತಿದ್ದಾರೆ. ಕೊನೇಲಿ ಏನೋ ಅಂತಾರಲ್ಲ, ಆ ಮಾತು ಕೇಳಿಸಿದ್ರೆ ಚಿತ್ರಕ್ಕೆ ಜೀವ ಬರುತ್ತೆ. ಹೋಗಿ ರೆಕಾರ್ಡ್ ಮಾಡ್ಕೊಂಡು ಬನ್ನಿ. ಇಲ್ದಿದ್ರೆ ಪಾಸ್ ಮಾಡೋಕಾಗಲ್ಲ."

ಟೇಪ್ ರೆಕಾರ್ಡರ್ ಚೀಲದಲ್ಲಿಟ್ಟುಕೊಂಡು ಅವನು ಊರಿಗೆ ಬಂದ. ಅಕ್ಕ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದಳು. ಅವತ್ತು ಹುಳುಮನೆಯಲ್ಲಿ ಆಡಿದ ಮಾತು ಚಿತ್ರಕ್ಕೆ ಬೇಕು ಎಂದು ಹೇಗೋ ಹೇಳಿದ.

"ಅದಕ್ಕೇನು, ಅಂತೀನಿ. ಅವತ್ತು ನಾನು ಏನಂದೆ? ನಂಗೆ ನೆನಪಿಲ್ಲ, ನೀನೇ ಹೇಳು."

ಕದಿರೇಶ ಬಾಯಿ ತೆರೆದ. ಆ ತೆಲುಗು ಮಾತು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಚಿಲಕ ಹಾಕಿದ್ದು ನೀನೇ ಅಂತ ಗೊತ್ತಿತ್ತು ಕಣೋ," ಎಂದಳು ಭಾರತಮ್ಮ, ಕುಡುಗೋಲು ನಿಲ್ಲಿಸದೆ. "ಕೈಗಳಿಗೆ ಗೊತ್ತಾಗ್ಲಿಲ್ಲ ಅಷ್ಟೆ."

ಅವನಿಗೆ ನಾಚಿಕೆಯಾಯಿತು. ತಪ್ಪಾಯ್ತಕ್ಕ ಎಂದ. ಅವಳು ಕುಯ್ದ ಸೊಪ್ಪನ್ನು ಅವನ ತಲೆಯ ಮೇಲೆ ಹೊರಿಸಿದಳು. ಟೇಪ್ ರೆಕಾರ್ಡರ್ ಚೀಲದಿಂದ ಹೊರಗೆ ಬರಲೇ ಇಲ್ಲ, ಆ ವರ್ಷ ಕದಿರೇಶ ಫೇಲಾದ.

ಸೊಪ್ಪು ಹೊತ್ತು ತಂದ ಮಧ್ಯಾಹ್ನವೇ ಅವನು ಹುಳುಮನೆಯ ಚಿಲಕವನ್ನು ಹೊರಗಿನಿಂದ ಬಿಚ್ಚಿ ಒಳಗಡೆಗೆ ಹಾಕಿದ. ಗಂಗುಲಪ್ಪ ನೋಡುತ್ತ ನಿಂತ.

"ಒಳಗಡೆ ಚಿಲಕ ಹಾಕಿದ್ರೆ ನೊಣ ಬರಲ್ವೇನ್ಲಾ? ಹೊರಗಿಂದ ಹೆಂಗ್ ಮುಚ್ತೀಯ?"

"ದಾರ ಕಟ್ಟಣ ಬಿಡಪ್ಪ. ಒಳಗಿಂದ ತಳ್ಳಿದ್ರೆ ಕಿತ್ಕೋಬೇಕು, ಅಂಥ ದಾರ."

ಭಾರತಮ್ಮ ಬುಟ್ಟಿಯೊಂದಿಗೆ ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ತೆಗೆದ ಸದ್ದಾಯಿತು. ಮತ್ತೆ ಬಿತ್ತು, ಮತ್ತೆ ತೆರೆಯಿತು.

"ಏನಮ್ಮಾ ಮಾಡ್ತಿದೀಯ?" ಎಂದು ಗಂಗುಲಪ್ಪ ಕೇಳಿದ.

"ಏನಿಲ್ಲಪ್ಪ, ನೋಡ್ತಿದೀನಿ," ಎಂದು ಒಳಗಿನಿಂದ ಹೇಳಿ ಭಾರತಮ್ಮ ಇನ್ನೊಂದು ಸಲ ಚಿಲಕ ಹಾಕಿಕೊಂಡಳು.