ಉಚ್ಚೆಂಗಪ್ಪ ಉಳಿಸಿದ ಗೂಳಿ

ಕಂಪ್ಲಿ ಸೀಮೆಗೆ ತುಂಗಭದ್ರೆಯ ಕಾಲುವೆ ಬಂದದ್ದು ಎಷ್ಟು ದೊಡ್ಡ ಸಂಗತಿಯೋ, ಅರವತ್ತಾರನೇ ಇಸವಿಯ ಕಾರ್ತೀಕದಲ್ಲಿ ಉಚ್ಚೆಂಗಪ್ಪನ ಗದ್ದೆಯ ಮೂಡಣ ಮೂಲೆಯಲ್ಲಿ ಎರಡು ಮಾರು ಭತ್ತದ ಪೈರು ಮಾಯವಾದದ್ದೂ ಅಷ್ಟೇ ದೊಡ್ಡ ಸಂಗತಿ. ಹಾಗಂತ ಉಚ್ಚೆಂಗಪ್ಪನೇ ಚಾದಂಗಡಿಯಲ್ಲಿ ಹೇಳುತ್ತಿದ್ದ. ಹೇಳುವಾಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡಾಗ ಅವನು ಇಷ್ಟು ಒರೆಸಿಕೊಂಡದ್ದನ್ನು ಊರು ಕಂಡಿರಲಿಲ್ಲ.

ತಿಂದದ್ದು ದೇವರ ಗೂಳಿ. ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಅದು ಬಾಯಿ ಹಾಕಿದಲ್ಲಿ ಕೈಮುಗಿದು ನಿಲ್ಲಬೇಕು. ಅದನ್ನು ದೇವರಿಗೆ ಬಿಟ್ಟವನು ಬೇರೆ ಯಾರೂ ಅಲ್ಲ, ಉಚ್ಚೆಂಗಪ್ಪನ ಅಪ್ಪನೇ. ಕಾಲುವೆ ನೀರು ತನ್ನ ಹೊಲದ ತನಕ ಹರಿದು ಬಂದರೆ ಒಂದು ಹೋರಿಗರು ಬಸವಣ್ಣನಿಗೆ ಎಂದು ಹರಕೆ ಹೊತ್ತಿದ್ದ. ನೀರು ಬಂತು, ಕರುವಿನ ತೊಡೆಗೆ ತ್ರಿಶೂಲದ ಬರೆ ಬಿತ್ತು, ಅಪ್ಪ ಶಿವನ ಪಾದ ಸೇರಿದ. ಹಿಂದೆ ಉಳಿದವರು ಮಗ ಮತ್ತು ಗೂಳಿ. ಇಬ್ಬರಿಗೂ ಒಳ್ಳೆಯ ಹಸಿವು.

ಸಂಡೂರಿನ ಗುಡ್ಡದ ಬುಡದಲ್ಲಿ ಅದಿರು ಲಾರಿಗಳ ಸಾಹುಕಾರರೊಬ್ಬರು ಪ್ರಾಣಿ ದಯಾಧಾಮ ತೆರೆದಿದ್ದರು. ಒಂದು ನಸುಕಿನಲ್ಲಿ ಗೂಳಿ ಲಾರಿ ಹತ್ತಿತು. ಧಾಮದವರಿಗೆ ಉಚ್ಚೆಂಗಪ್ಪ, "ಕಾಲುವ್ಯಾಗ ಕೊಚ್ಚಿಕೊಂಡು ಹೊಂಟಿತ್ತುರೀ, ಜೀವಾ ಒತ್ತಿಯಿಟ್ಟು ಜಿಗಿದೆ" ಎಂದ. ಊರಿಗೆ ಬಂದು, "ತಾನಽ ಹೊಳಿದಂಡಿಗೆ ಬಂತು, ಮೊಣಕಾಲೂರಿತು, ನನ್ನ ಮಾರಿ ನೋಡಿತು, ಕಣ್ಣು ಮುಚ್ಚಿತು. ನನ್ನ ಕೈಯಾರೆ ಮಣ್ಣು ಕೊಟ್ಟೆ" ಎಂದ. ಒಂದೇ ದಿನದಲ್ಲಿ ಒಂದೇ ಗೂಳಿಯನ್ನು ಉಳಿಸಿಯೂ ಹೂಳಿಯೂ ಬಂದವನು ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಊರು ಅತ್ತಿತು. ಮಣ್ಣಗುಪ್ಪೆಯ ಮೇಲೆ ಕಲ್ಲಿನ ಕಟ್ಟೆ ಎದ್ದಿತು. ಅದರ ಕೆಳಗೆ ರೈಸ್ ಮಿಲ್ಲಿನ ಹೊಟ್ಟು ತುಂಬಿದ ನಾಲ್ಕು ಚೀಲ ಚಿರನಿದ್ರೆಯಲ್ಲಿದ್ದವು. ಪೂಜಾರಿ ಸುಂಕಪ್ಪ ಸೋಮವಾರ ಸೋಮವಾರ ಅಲ್ಲಿ ಕಾಯಿ ಒಡೆದು ಹೋಳು ಮನೆಗೆ ಒಯ್ಯತೊಡಗಿದ. ಬಸವಣ್ಣ ಕೊನೆಗಳಿಗೆಯಲ್ಲಿ ಮುಖ ನೋಡಿದ ಮನುಷ್ಯ ಎಂದು ಉಚ್ಚೆಂಗಪ್ಪನ ತೂಕ ಏರಿತು. ಬರುವ ಎಲೆಕ್ಷನ್ನಿಗೆ ಪಂಚಾಯ್ತಿ ಚೇರ್ಮನ್ ಅವನೇ ಎಂದು ಮಾತಾಯಿತು.

ವರ್ಷ ಕಳೆಯಿತು. ಸಂಡೂರಿನಲ್ಲೊಂದು ಮದುವೆ. ಉಚ್ಚೆಂಗಪ್ಪನ ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿಕೊಂಡು ಊರ ಮಂದಿ ಹೋದರು. ಊಟವಾದ ಮೇಲೆ ಅವನ ಅಪ್ಪನ ತಂಗಿ, ಮುದುಕಿ ತಾಯಕ್ಕ, ದಯಾಧಾಮಕ್ಕೆ ನಡಿ ಎಂದು ಹಟ ಹಿಡಿದಳು.

"ಅಲ್ಲೇನೈತಿ ಅತ್ತಿ, ಮಣ್ಣು? ಕುಂಟ ನಾಯಿ, ಕುರುಡು ಕುದುರಿ."

"ಒಂಟಿ ಐತಂತಲ್ಲೋ. ಎಪ್ಪತ್ತು ವರ್ಷ ಆತು, ಒಂಟಿ ನೋಡಿಲ್ಲ. ನೋಡದ ಸತ್ತರ ನನಗೂ ಒಂದು ಕಟ್ಟಿ ಕಟ್ಟಸ್ತೀಯೇನಲೇ?"

ಮಂದಿ ನಕ್ಕರು. ಟ್ರ್ಯಾಕ್ಟರ್ ತಿರುಗಿತು.

ಬಾಗಿಲಲ್ಲಿ ಬೋರ್ಡು: 'ಇಲ್ಲಿ ಹುಲಿ ಹುಲ್ಲೆ ಒಂದೇ ತೊಟ್ಟಿಯ ನೀರು ಕುಡಿಯುತ್ತವೆ.' ಹುಲಿ ಇರಲಿಲ್ಲ, ಹುಲ್ಲೆಯೂ ಇರಲಿಲ್ಲ. ತೊಟ್ಟಿ ಇತ್ತು, ಒಣಗಿತ್ತು. ಸರ್ಕಸ್ಸಿನವರು ಹೊಸಪೇಟೆಯಲ್ಲಿ ಬಿಟ್ಟುಹೋದ ಒಂಟೆ, ಕಣ್ಣು ಹೋದ ಜಟಕಾ ಕುದುರೆ, ಮೂರು ಕಾಲಿನ ನಾಯಿ, ಹಂಪಿಯಲ್ಲಿ ಯಾತ್ರಿಕರ ಬಾಳೆಹಣ್ಣು ಕಸಿದು ಬಾಲ ಕಳಕೊಂಡ ಕೋತಿ, ಎಲ್ಲವೂ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು.

"ಎಲ್ಲಾ ಒಂದಽ ಮನಿ ಮಕ್ಕಳಂಗ ಅದಾವ್ರಿ" ಎಂದು ಕಾವಲುಗಾರ ಗವಿಸಿದ್ದಪ್ಪ ಗದ್ಗದಿತನಾದ. ಆಗಲೇ ಒಂಟೆ ನಾಯಿಯನ್ನು ಒದೆಯಿತು.

ಉಚ್ಚೆಂಗಪ್ಪ ತಲೆಯ ಮೇಲೆ ಟವೆಲು ಎಳೆದುಕೊಂಡು, ಬಿಸಿಲು ಭಾಳ ಐತಿ ಎನ್ನುತ್ತ ಹಿಂದೆ ಉಳಿದ. ಪ್ರಯೋಜನವಾಗಲಿಲ್ಲ. ಕೊನೆಯ ಕೊಟ್ಟಿಗೆಯ ಮುಂದೆ ಗವಿಸಿದ್ದಪ್ಪ ಕೈಯೆತ್ತಿ ಕೂಗಿದ: "ಈ ಗೂಳಿನ್ನ ಕಾಲುವಿಗೆ ಜಿಗಿದು ಉಳಿಸಿದ ಪುಣ್ಯಾತ್ಮರು ಇವರಽ ನೋಡ್ರಿ! ಬರ್ರಿ ಸಾವುಕಾರ್ರ, ಮುಂದ ಬರ್ರಿ!"

"ಯಾರು, ನಮ್ಮ ಉಚ್ಚೆಂಗ?" ಎಂದಳು ತಾಯಕ್ಕ. "ಮೊಳಕಾಲುದ್ದ ನೀರಿಗೆ ಅವ್ವನ ಸೆರಗು ಹಿಡೀತಿದ್ದ!" ಆಮೇಲೆ ಗೂಳಿಯ ತೊಡೆ ನೋಡಿದಳು. ಬರೆ ಹಾಕಿದ ದಿನ ಕರುವಿನ ಕಾಲು ಹಿಡಿದವಳು ಅವಳೇ. ಕರು ಕೊಸರಿ, ತ್ರಿಶೂಲದ ನಡುವಿನ ಮುಳ್ಳು ಎಡಕ್ಕೆ ಸೊಟ್ಟಗಾಗಿತ್ತು. "ಇದರ ಮುಳ್ಳೂ ಸೊಟ್ಟ ಐತಲ್ಲೋ. ಅವತ್ತು ನೀ ಮಣ್ಣು ಕೊಟ್ಟಿದ್ದು ಯಾವುದಕ್ಕಪಾ?"

ಉಚ್ಚೆಂಗಪ್ಪ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. ಚೇರ್ಮನ್ ಕುರ್ಚಿ ಕಣ್ಣೆದುರಿಗೇ ಅಲುಗಾಡಿತು. "ಒಂದರಂಗ ಒಂದು ಇರ್ತಾವ ಅತ್ತಿ. ಅದಽ ಬ್ಯಾರೆ, ಇದಽ ಬ್ಯಾರೆ. ಇದನ್ನ ಉಳಿಸಿದ್ದು ಖರೆ. ಹೇಳಿಕೊಂಡರ ದೊಡ್ಡಸ್ತಿಕಿ ಆಗ್ತೈತಿ ಅಂತ ಬಾಯಿ ಬಿಡಲಿಲ್ಲ."

ಎಲ್ಲರೂ ಜೊತೆಗೆ ಬಂದಿದ್ದ ಪೂಜಾರಿ ಸುಂಕಪ್ಪನ ಕಡೆ ತಿರುಗಿದರು. ಸುಂಕಪ್ಪ ಗೂಳಿಯನ್ನು ನೋಡಿದ, ಸೊಟ್ಟ ಮುಳ್ಳನ್ನು ನೋಡಿದ, ಐವತ್ತೆರಡು ಸೋಮವಾರದ ಕಾಯಿಹೋಳನ್ನು ಮನಸ್ಸಿನಲ್ಲೇ ನೋಡಿದ. "ನಮ್ಮ ಬಸವ ಕಟ್ಟಿ ಕೆಳಗ ಅದಾನ" ಎಂದ. "ಇದು ಬ್ಯಾರೆ."

ಉಚ್ಚೆಂಗಪ್ಪ ಉಸಿರು ಬಿಟ್ಟ. ಬಿಡಬಾರದಿತ್ತು.

"ಹಂಗಾರ ಇದು ದೇವರದಲ್ಲ" ಎಂದಳು ತಾಯಕ್ಕ, ಎಲೆ ಅಡಿಕೆ ಮಡಿಚುತ್ತ. "ಯಾರದು?"

"ಉಳಿಸಿದವರದ್ರೀ!" ಗವಿಸಿದ್ದಪ್ಪ ಉಚ್ಚೆಂಗಪ್ಪನ ಕಾಲಿಗೇ ಬಿದ್ದ. "ಒಯ್ಯಿರಿ ನಮ್ಮಪ್ಪಾ. ಒಂಟಿ ಪಾಲು, ಕುದುರಿ ಪಾಲು, ನನ್ನ ಬುತ್ತಿ, ಎಲ್ಲಾ ಇದಽ ತಿಂತೈತಿ."

"ಒಯ್ಯೋ ಮಗನ" ಎಂದಳು ತಾಯಕ್ಕ. "ಜೀವಾ ಕೊಟ್ಟು ಉಳಿಸೀದಿ. ಒಂದು ಹೊರಿ ಹುಲ್ಲು ಕೊಡಾಕ ಹಿಂದಮುಂದ ನೋಡ್ತೀಯೇನು?"

ಗೂಳಿ ಟ್ರೇಲರಿನಲ್ಲಿ ಬಂತು, ಮಂದಿ ಕೂತು ಬಂದಿದ್ದ ಹುಲ್ಲನ್ನು ತಿನ್ನುತ್ತ. ಮಂದಿ ಮದುವೆಯ ರೇಷ್ಮೆ ಉಟ್ಟು ಬಸ್ಸಿನಲ್ಲಿ ನಿಂತು ಬಂದರು. ಊರ ಹಿರಿಯರು ಕಟ್ಟೆಯ ಮೇಲೆಯೇ ಕೂತು ತೀರ್ಮಾನ ಮಾಡಿದರು: ದೇವರ ಗೂಳಿಯನ್ನು ಊರೆಲ್ಲ ಸಾಕಬೇಕು, ಉಚ್ಚೆಂಗಪ್ಪನ ಗೂಳಿಯನ್ನು ಉಚ್ಚೆಂಗಪ್ಪ ಸಾಕಬೇಕು, ಬೇರೆಯವರ ಗದ್ದೆಗೆ ಬಾಯಿ ಹಾಕಿದರೆ ಅವನೇ ಹೊಣೆ.

ಮರುವರ್ಷ ಉಚ್ಚೆಂಗಪ್ಪ ಚೇರ್ಮನ್ ಆದ. ಮೂಡಣ ಮೂಲೆಯಲ್ಲಿ ಭತ್ತ ನಾಟುವುದನ್ನು ಬಿಟ್ಟು ಗೂಳಿಗೆ ಮೇವು ಬೆಳೆಸಿದ.