ಬೆಟ್ಟದ ಮೇಲಿನ ಹಿಟ್ಟು

ಬಸ್ಸು ಕೊನೆಯ ತಿರುವು ಹತ್ತುವಷ್ಟರಲ್ಲಿ ಗಡಿಯಾರದಣ್ಣ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ತಿರುವುಗಳಿಂದ ಅರ್ಧ, ತಂಗಿಯ ಭಯದಿಂದ ಅರ್ಧ. ಬಯಲೂರಿನ ತನ್ನ ಬೇಕರಿಯಲ್ಲಿ ಯಾರಿಗೂ ಸೊಪ್ಪು ಹಾಕಿದ ಆಸಾಮಿಯಲ್ಲ ಇವನು. ಕಲಸಿದ ಹಿಟ್ಟು ಎರಡು ಗಂಟೆ ಬಟ್ಟೆಯಡಿ ಇರಬೇಕು, ಒಂದು ನಿಮಿಷ ಹೆಚ್ಚಲ್ಲ, ಕಡಿಮೆಯಲ್ಲ. ನಡುವೆ ಬಟ್ಟೆ ಎತ್ತಕೂಡದು. ಇದು ಅಪ್ಪ ಬಿಟ್ಟುಹೋದ ಕಟ್ಟಳೆ. ಅದಕ್ಕಾಗಿ ಅವನು ಕೈಗಡಿಯಾರ ಬಿಚ್ಚಿದವನೇ ಅಲ್ಲ. ಹೆಸರು ಬಂದದ್ದೂ ಹಾಗೆಯೇ.

ತಂಗಿಯೂ ಅದೇ ಒಲೆಯ ಮುಂದೆ ಕಲಿತವಳು. ಮದುವೆಯಾಗಿ ಈ ಬೆಟ್ಟದ ಊರಿಗೆ ಬಂದು ಸ್ವಂತ ಬೇಕರಿ ತೆರೆದಳು. ಮೊದಲ ತಿಂಗಳಲ್ಲೇ, "ಅಣ್ಣ, ಇಲ್ಲಿ ಹಿಟ್ಟು ಹೇಳಿದ ಮಾತು ಕೇಳ್ತಿಲ್ಲ, ಬ್ರೆಡ್ಡೆಲ್ಲ ಕುಸೀತಿದೆ, ಏನ್ ಮಾಡ್ಲಿ?" ಎಂದು ಕಾಗದ ಬರೆದಳು. ಇವನು ಒಂದೇ ಸಾಲಿನ ಉತ್ತರ ಬರೆದ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ತನ್ನ ಜಾಣತನಕ್ಕೆ ತಾನೇ ನಕ್ಕು ಅಂಚೆಗೂ ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಹನ್ನೆರಡು ವರ್ಷ ತಂಗಿಯಿಂದ ಒಂದು ಅಕ್ಷರವೂ ಬರಲಿಲ್ಲ.

ಈ ಬೇಸಿಗೆಯಲ್ಲಿ ಕರೆದವನು ಅವಳ ಗಂಡ, ಆ ಊರಿನ ಅಂಚೆಯವ. "ಅವಳು ಕರೆಯೋಳಲ್ಲ, ನೀವು ಬರೋರಲ್ಲ. ನಿಮ್ಮಿಬ್ಬರ ಟಪಾಲು ನಾನೇ ಹಂಚಬೇಕು, ಇನ್ನೇನ್ ಮಾಡೋದು? ನಾಲ್ಕು ದಿನ ಇದ್ದು ಹೋಗಿ" ಎಂದಿದ್ದ ಫೋನಿನಲ್ಲಿ. ಈ ಸಲ ತಂಗಿ ಸಿಗದಿದ್ದರೆ ಇನ್ನೆಂದೂ ಸಿಗಳು ಎಂದುಕೊಂಡೇ ಅಣ್ಣ ಹೊರಟಿದ್ದ. ತಪ್ಪಾಯಿತು ಎನ್ನುವುದು ಹೇಗೆಂದು ಮಾತ್ರ ಅಪ್ಪ ಕಲಿಸಿರಲಿಲ್ಲ.

"ಬನ್ನಿ, ಪ್ರಯಾಣ ಆರಾಮಾಯ್ತಾ?" ಎಂದಳು ತಂಗಿ, ಬೇಕರಿಯ ಬಾಗಿಲಲ್ಲಿ ನಿಂತು. ಚಿಕ್ಕಂದಿನಲ್ಲಿ ಹೆಗಲೇರಿ ಕಿವಿ ಹಿಂಡುತ್ತಿದ್ದವಳು ಬಿಸ್ಕತ್ತು ಕೊಳ್ಳಲು ಬಂದವರಿಗೆ ಹೇಳುವ ಹಾಗೆ 'ಬನ್ನಿ' ಅಂದಳು. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಎರಡು ದಿನ ಅಂಚೆಯವನ ಹಿಂದೆ ಊರು ಸುತ್ತಿದ. ಅಲ್ಲಿ ಬೀದಿಯೆಂದರೆ ಮೆಟ್ಟಿಲು. ಪ್ರತಿ ಹತ್ತು ಮೆಟ್ಟಿಲಿಗೊಮ್ಮೆ ಏದುಸಿರು ಬಿಡುತ್ತ, "ನೋಟ ಚೆನ್ನಾಗಿದೆ" ಎಂದು ನೆಪ ಹೇಳಿ ನಿಲ್ಲುತ್ತಿದ್ದ. ನೋಟ ನಿಜವಾಗಿಯೂ ಚೆನ್ನಾಗಿತ್ತು. ಮನೆಯಲ್ಲಿ ಮಾತ್ರ ತಂಗಿ ಹೊತ್ತುಹೊತ್ತಿಗೆ ಊಟ ಬಡಿಸಿ, "ಇನ್ನೂ ಸ್ವಲ್ಪ ಹಾಕ್ಲಾ?" ಎನ್ನುವುದರಾಚೆ ತುಟಿ ಬಿಚ್ಚಲಿಲ್ಲ.

ಮೂರನೇ ದಿನ ಮಕ್ಕಳ ಹಾಸ್ಟೆಲಿಗೆ ಸಂಜೆಯೊಳಗೆ ನಲವತ್ತು ಬ್ರೆಡ್ಡು ಹೋಗಬೇಕಿತ್ತು. ಬಾಯಲ್ಲಿ ಬರದ ಮಾತನ್ನು ಕೈಕೆಲಸವಾದರೂ ಹೇಳೀತು ಎಂದುಕೊಂಡ ಅಣ್ಣ ತೋಳು ಮಡಚಿದ. "ಇವತ್ತು ನೀನು ಕೂತ್ಕೋ. ಹಿಟ್ಟು ನಾನು ಕಲಸ್ತೀನಿ."

"ನಿಮ್ಮಿಷ್ಟ" ಎಂದಳು ತಂಗಿ.

ಅಪ್ಪನ ಅಳತೆಯಲ್ಲೇ ಯೀಸ್ಟ್ ಹಾಕಿದ, ನಾದಿದ, ಬಟ್ಟೆ ಮುಚ್ಚಿದ, ಗಡಿಯಾರ ನೋಡಿದ. ಒಂದು ಗಂಟೆಯಾಗುವಷ್ಟರಲ್ಲಿ ಬಟ್ಟೆ ಬುಗ್ಗೆಂದು ಮೇಲೆದ್ದಿತ್ತು.

"ಸಾಕು, ಈಗ ತೆಗೀರಿ" ಎಂದಳು.

"ಅಪ್ಪ ಏನ್ ಹೇಳಿದ್ರು? ಎರಡು ಗಂಟೆ. ನನಗೇ ಹೇಳಿಕೊಡ್ತೀಯಾ?"

ಬೆಣ್ಣೆ ಮಾತಾಡಲು ಬಂದವನ ಬಾಯಿಂದ ಮತ್ತೆ ಕಲ್ಲೇ ಬಿತ್ತು. ತಂಗಿ ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಕೆಟ್ಟಿತು ಎಂದು ಅವನಿಗೂ ಅನ್ನಿಸಿತು. ಆದರೂ ಗಡಿಯಾರ ಬಿಟ್ಟು ಏಳಲಿಲ್ಲ.

ಎರಡು ಗಂಟೆಗೆ ಸರಿಯಾಗಿ ಬಟ್ಟೆ ಎತ್ತಿದರೆ ಹಿಟ್ಟು ಉಬ್ಬಿ, ಉಬ್ಬಿದ್ದು ಸಾಕಾಗಿ, ನಡುವೆ ಇಳಿದುಹೋಗಿತ್ತು. ಹುಳಿ ವಾಸನೆ ಬೇರೆ. ಹಟಕ್ಕೆ ಬಿದ್ದು ಅಚ್ಚಿಗೆ ತುಂಬಿ ಬೇಯಿಸಿದ. ಒಲೆಯಿಂದ ಹೊರಬಂದ ಬ್ರೆಡ್ಡುಗಳು ಹಳೆಯ ನುಲಿಮಂಚದ ಹಾಗೆ ನಡು ಜೋತಿದ್ದವು. ಒಂದನ್ನು ಕೈಗೆತ್ತಿಕೊಂಡ. ಅವಳು ಕಾಗದದಲ್ಲಿ ಬರೆದಿದ್ದು ಇದನ್ನೇ. ಹೊಸ ಊರಲ್ಲಿ, ಒಲೆಯ ಮುಂದೆ ಒಬ್ಬಳೇ, ಇಂಥದ್ದನ್ನು ಕೈಯಲ್ಲಿ ಹಿಡಿದು ಅಣ್ಣನಿಗೆ ಬರೆದಿದ್ದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಳಕೋಣೆಯ ಬಾಗಿಲು ತೆರೆಯಿತು. ತಂಗಿ ನಲವತ್ತು ಅಚ್ಚುಗಳನ್ನು ಸಾಲಾಗಿ ಹೊರಗೆ ತಂದಿಟ್ಟಳು. ಒಂದೊಂದರಲ್ಲೂ ಹಿಟ್ಟು ಗುಂಡಗೆ, ನೆಟ್ಟಗೆ ಕೂತಿತ್ತು.

"ಯಾವಾಗ ಕಲಸಿದೆ?"

"ನೀವು ತೆಗೆಯಲ್ಲ ಅಂದಾಗ. ಮಕ್ಕಳು ಉಪವಾಸ ಇರೋಕಾಗುತ್ತಾ?" ಅಚ್ಚುಗಳನ್ನು ಒಲೆಗೆ ತಳ್ಳುತ್ತ ಹೇಳಿದಳು. "ಇಲ್ಲಿ ಗಾಳಿ ತೆಳು. ಹಿಟ್ಟನ್ನ ಅದುಮಿ ಹಿಡಿಯೋರು ಯಾರೂ ಇಲ್ಲ, ಬೇಗ ಎದ್ದುಬಿಡುತ್ತೆ. ಯೀಸ್ಟೂ ಅರ್ಧ, ಹೊತ್ತೂ ಅರ್ಧ ಸಾಕು. ಇಷ್ಟು ಕಲಿಯೋಕೆ ನಾಲ್ಕು ತಿಂಗಳು ದಿನಾ ಅತ್ತಿದ್ದೀನಿ."

ಅಣ್ಣ ಕುಸಿದ ಬ್ರೆಡ್ಡನ್ನು ಕೆಳಗಿಡಲಿಲ್ಲ.

"ನೆಲ ಡೊಂಕೇ ಕಣೇ" ಎಂದ. "ನೀನು ಸರಿಯಾಗೇ ಹೇಳಿದ್ದೆ. ಕುಣಿಯೋಕೆ ಬರದೆ ಇದ್ದೋನು ನಾನು."

ತಂಗಿ ಒಲೆಯ ಕಡೆಗೇ ಮುಖ ಮಾಡಿ ಕೊನೆಯ ಅಚ್ಚನ್ನು ಒಳಗೆ ತಳ್ಳಿದಳು. ಬಾಗಿಲಲ್ಲಿ ಚೀಲ ಇಳಿಸಿದ ಅಂಚೆಯವ ಒಂದು ಚಪ್ಪಟೆ ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡು, "ರುಚಿಗೇನೂ ಮೋಸ ಇಲ್ಲ" ಎಂದ.

"ನನಗೂ ಕಲಿಸ್ತೀಯಾ?" ಎಂದು ಕೇಳಿದ ಅಣ್ಣ.

ಅವಳು ತಿರುಗಿದಳು. ಕೆನ್ನೆಯ ಮೇಲಿನ ಹಿಟ್ಟು ಒದ್ದೆಯಾಗಿತ್ತು.

"ಮೊದ್ಲು ಆ ಗಡಿಯಾರ ಬಿಚ್ಚಿಡು" ಎಂದಳು. "ಕೈ ತೊಳ್ಕೊಂಡು ಬಾರೋ, ಅಣ್ಣ."