ವಸಂತಮ್ಮ ಎತ್ತಿದ ಭಾರ

ಲಗ್ಗೆರೆಯ ಚಿಕ್ಕಬೈರಪ್ಪನ ಮೂರಂತಸ್ತಿನ ಕಟ್ಟಡದ ಕೆಳಮಹಡಿಯಲ್ಲಿ ಮಂಜುಶ್ರೀ ಎಂಬ ಹುಡುಗಿ ಜಿಮ್ ನಡೆಸುತ್ತಿದ್ದಳು. ಎರಡು ವರ್ಷವಾದರೂ ಅವನ ಹೆಂಡತಿ ವಸಂತಮ್ಮ ಒಂದು ದಿನವೂ ಅದರ ಹೊಸಿಲು ದಾಟಿರಲಿಲ್ಲ. ಈಗ ಮೂಳೆ ಡಾಕ್ಟರು ಪರೀಕ್ಷೆ ಮಾಡಿ, ಮೂಳೆ ಸವೆದಿದೆ, ಮಾತ್ರೆಯ ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಮಾಡಲೇಬೇಕು ಎಂದಿದ್ದರು. ಐವತ್ತೆಂಟರ ವಸಂತಮ್ಮ ಮಾತ್ರೆಯನ್ನು ತಪ್ಪದೆ ನುಂಗಿದಳು. ವ್ಯಾಯಾಮದ ಸುದ್ದಿ ಎತ್ತಿದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಚಿಕ್ಕಬೈರಪ್ಪ ಮಂಜುಶ್ರೀಯನ್ನೇ ಮೇಲಕ್ಕೆ ಕಳಿಸಿ ನೋಡಿದ. ವಸಂತಮ್ಮ ಆಕೆಗೆ ಕಾಫಿ, ಚಕ್ಕುಲಿ ಕೊಟ್ಟು ಪ್ರೀತಿಯಿಂದಲೇ ಸಾಗಹಾಕಿದಳು. ಬಾಡಿಗೆ ಮನೆಯವರೆಲ್ಲ ನೋಡಿ ನಗುತ್ತಾರೆ ಎಂಬುದು ಅವಳ ನೆಪ. ನಾಚಿಕೆ ಇರಬೇಕು, ತಾನು ಮುಂದೆ ಬಿದ್ದರೆ ಸರಿಹೋಗುತ್ತಾಳೆ ಅಂದುಕೊಂಡ ಅವನು, ಮಗ ಮನುವಿನ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಜಿಮ್ ಖಾಲಿಯಿರುವ ಹನ್ನೊಂದು ಗಂಟೆಗೆ ಸುಮ್ಮನೆ ಜೊತೆಗೆ ಬಂದು ಕೂತಿರು ಎಂದು ಅವಳನ್ನು ಕರೆದುಕೊಂಡು ಹೋದ.

ಮಂಜುಶ್ರೀ ಅವನಿಗೆ ಬಸ್ಕಿ ಹೊಡೆಯಲು ಹೇಳಿದಳು. ಆರರವರೆಗೆ ಜೋರಾಗಿಯೇ ನಡೆಯಿತು. ಏಳನೆಯದಕ್ಕೆ ಕೆಳಗೆ ಕೂತವನು ಏಳಲಾಗದೆ ಅಲ್ಲೇ ಉಳಿದ. ವಸಂತಮ್ಮ ಸೆರಗು ಬಾಯಿಗೊತ್ತಿ ನಕ್ಕಳು. ನಗುತ್ತಲೇ ಬಂದು ಕೈ ಚಾಚಿದಳು. ಅವನು ಹಿಡಿಯುವಷ್ಟರಲ್ಲಿ ಬಿಸಿ ತಾಕಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡು ಮಂಜುಶ್ರೀಯನ್ನು ಕರೆದಳು. ಆ ಮುಖದಲ್ಲಿದ್ದದ್ದು ನಾಚಿಕೆಯಲ್ಲ, ಹೆದರಿಕೆ.

ಮನೆಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ. ಅವಳು ಸೆರಗಿನ ಅಂಚು ತಿರುಚಿದಳು.

“ಗರ್ಭಕೋಶ ತೆಗ್ದಾಗ ಡಾಕ್ಟ್ರಮ್ಮ ಭಾರ ಎತ್ಬೇಡ ಅಂದಿದ್ರಲ್ಲ. ಒಳಗಿನ ಒಲಿಗೆ ಬಿಚ್ಕೊಂತದೆ ಅಂತ.”

“ಅದಾಗಿ ಅದಿನೇಳು ವರ್ಸ ಆಯ್ತಲ್ಲೇ.”

“ಇನ್ಮೇಲೆ ಎತ್ಬೋದು ಅಂತ ಯಾರೂ ಯೋಳ್ಲಿಲ್ವಲ್ಲ.”

ಚಿಕ್ಕಬೈರಪ್ಪನಿಗೆ ಹಳೆಯದೆಲ್ಲ ನೆನಪಾಯಿತು. ಇಲ್ಲೆಲ್ಲ ಹೊಲವಿದ್ದ ಕಾಲಕ್ಕೆ ಹುಲ್ಲಿನ ಹೊರೆಯನ್ನು ಯಾರ ಕೈಯೂ ಸೋಕದೆ ತಲೆಗೇರಿಸಿಕೊಳ್ಳುತ್ತಿದ್ದವಳು ಇವಳು. ಅಂಥವಳು ಮೊಮ್ಮಗಳು ಹುಟ್ಟಿದಾಗ ಮೊದಲು ತಾನು ಕೂತು, ಆಮೇಲೆ ಮಗುವನ್ನು ಮಡಿಲಿಗೆ ಹಾಕಿಸಿಕೊಳ್ಳುತ್ತಿದ್ದಳು. ಮಗು ಎರಡೂ ತೋಳು ಚಾಚಿ ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ. ಬಾಡಿಗೆ ಬರುವಂತಾದ ಮೇಲೆ ಯಜಮಾನಿಗೆ ಬಿಂಕ ಬಂತು ಎಂದು ಅವನೇ ನೆಂಟರ ಮುಂದೆ ಚೇಷ್ಟೆ ಮಾಡಿದ್ದ.

“ನಾನಾದ್ರೂ ಕೇಳ್ಬೇಕಾಗಿತ್ತು” ಎಂದ.

“ಕೇಳಿದ್ರೆ ಯೋಳ್ತಿದ್ದೆ” ಎಂದಳು, ಸಿಟ್ಟಿಲ್ಲದೆ.

ಮೂಳೆ ಡಾಕ್ಟರು ಗಂಡಸಾದ್ದರಿಂದ ಅವರ ಮುಂದೆ ಈ ವಿಷಯ ಬಾಯಿಬಿಟ್ಟಿರಲಿಲ್ಲವಂತೆ. ಮರುದಿನವೇ ಅವನು ಅವಳನ್ನು ರಾಜಗೋಪಾಲನಗರದ ಹೆಂಗಸರ ಡಾಕ್ಟರ ಹತ್ತಿರ ಕರೆದೊಯ್ದ. ಆಕೆ ಸಾವಧಾನವಾಗಿ ಪರೀಕ್ಷಿಸಿ, ಆ ಪಥ್ಯ ಬರೀ ಮೂರು ತಿಂಗಳಿನದು, ಗಾಯ ಯಾವತ್ತೋ ಮಾಗಿದೆ, ಕಡಿಮೆ ಭಾರದಿಂದ ಶುರು ಮಾಡಬಹುದು ಎಂದರು.

ಇಬ್ಬರೂ ಆಟೋ ಹತ್ತಿದರು. ಕಾರ್ಖಾನೆಯ ಕಾಂಪೌಂಡುಗಳು ಒಂದೊಂದಾಗಿ ಹಿಂದೆ ಸರಿದವು. “ಮೂರೇ ತಿಂಗಳಂತೆ” ಎಂದು ವಸಂತಮ್ಮ ಆಚೆ ಮುಖ ತಿರುಗಿಸಿಕೊಂಡಳು. ಅವನು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮನೆ ಬರುವವರೆಗೂ ಬಿಡಲಿಲ್ಲ.

ಸೋಮವಾರ ಅವಳು ಸೊಸೆಯ ಚೂಡಿದಾರ ಹಾಕಿಕೊಂಡು ತಾನಾಗಿಯೇ ಕೆಳಗಿಳಿದಳು. ಮಂಜುಶ್ರೀ ಎರಡೆರಡು ಕಿಲೋದ ಡಂಬೆಲ್ಲುಗಳನ್ನು ಕೈಗೆ ಕೊಟ್ಟು ಉಸಿರು ಬಿಡಿ ಆಂಟಿ ಎಂದು ನೆನಪಿಸಬೇಕಾಯಿತು. ಒಂದು ಸಲ ಎತ್ತಿದಳು. ಹೊಟ್ಟೆ ಮುಟ್ಟಿ ನೋಡಿಕೊಂಡಳು. ಏನೂ ಆಗಲಿಲ್ಲ. ಇನ್ನೊಂದು ಸಲ ಎತ್ತಿದಳು.

ಮೂರನೇ ತಿಂಗಳ ಹೊತ್ತಿಗೆ ಬೆನ್ನು ನೇರವಾಗಿಟ್ಟು ಇಪ್ಪತ್ತು ಕಿಲೋ ಕಂಬಿಯನ್ನು ನೆಲದಿಂದ ಎತ್ತತೊಡಗಿದಳು. ಒಂದು ದಿನ ಎಂಟು ಸಲ ಎತ್ತಿಳಿಸಿ, ಬೆವರು ಒರೆಸಿಕೊಂಡು, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಬಿಲ್ಲೆಗಳ ಕಡೆ ನೋಡಿದಳು.

“ಇನ್ನೊಂದು ಐದು ಕೇಜಿ ಆಕು ಮಗಾ.”

ಇವತ್ತಿಗೆ ಇಷ್ಟು ಸಾಕು, ಬುಧವಾರ ಹಾಕೋಣ ಎಂದಳು ಮಂಜುಶ್ರೀ. ವಸಂತಮ್ಮನ ಮುಖ ಊದಿಕೊಂಡಿತು. ಗಂಡನಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದಳು. ಪಕ್ಕದಲ್ಲಿ ಬಸ್ಕಿ ಹೊಡೆದು ಏದುಸಿರು ಬಿಡುತ್ತಿದ್ದ ಚಿಕ್ಕಬೈರಪ್ಪ, ಬುಧವಾರ ಮಾತ್ರ ಮರೀಬೇಡವ್ವಾ ಎಂದು ಮಂಜುಶ್ರೀಗೆ ಗುಟ್ಟಾಗಿ ಹೇಳಿ, ಮೆಟ್ಟಿಲ ಕಟಕಟೆ ಹಿಡಿದುಕೊಂಡು ಹೆಂಡತಿಯ ಹಿಂದೆ ಹತ್ತಿದ.